ಆರು ತಿಂಗಳ ಸೂಜಿ, ಮತ್ಸ್ಯಗಂಧದ ಟಿಕೆಟು

ಮುಂಬೈ ಪಕ್ಕದ ಡೊಂಬಿವಿಲಿಯ ಕನ್ನಡ ಮನೆಗಳಲ್ಲಿ ‘ಅಮ್ಮನಿಗೆ ಮೂಳೆ ಸವೆತ’ ಎಂದರೆ ಎರಡರಲ್ಲಿ ಒಂದು. ಮೊಣಕಾಲಿನ ಕೀಲು ತೇಯುವುದಕ್ಕೂ ಅದೇ ಮಾತು, ಮೂಳೆ ಒಳಗೊಳಗೇ ಟೊಳ್ಳಾಗುವುದಕ್ಕೂ ಅದೇ. ಕೀಲು ನೋಯುತ್ತದೆ, ಹಾಗಾಗಿ ಡಾಕ್ಟರ ಬಳಿ ಓಡುತ್ತೇವೆ. ಟೊಳ್ಳು ಮೂಳೆ ಮುರಿಯುವ ತನಕ ಸದ್ದು ಮಾಡುವುದಿಲ್ಲ. ಈ ಲೇಖನ ಎರಡನೆಯದರ, ಅಂದರೆ ಆಸ್ಟಿಯೊಪೊರೋಸಿಸ್‌ನ ಬಗ್ಗೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆ ಕರಗುತ್ತದೆ ಎಂದು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದಲ್ಲೇ ಹೇಳಿದ್ದರು. ಮುಂದಿನ ಅರ್ಧ ಶತಮಾನ ಬಹುಮಟ್ಟಿಗೆ ಹಾರ್ಮೋನು, ಕ್ಯಾಲ್ಸಿಯಂಗಳಲ್ಲೇ ಕಳೆಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಿ-ಸ್ಕೋರ್ (ಆರೋಗ್ಯವಂತ ಯುವವಯಸ್ಸಿನವರ ಮೂಳೆ ಸಾಂದ್ರತೆಗೆ ಹೋಲಿಸಿದ ಅಂಕಿ) ಮೈನಸ್ 2.5ಕ್ಕೆ ರೋಗದ ಗೆರೆ ಎಳೆಯಿತು. ಸೊಸೈಟಿಯ ಉಚಿತ ಶಿಬಿರದಲ್ಲಿ ಯಂತ್ರದಲ್ಲಿ ಹಿಮ್ಮಡಿ ಇಟ್ಟು ಪಡೆದ ಅಂಕಿಗೆ ಈ ಗೆರೆ ಹೊಂದುವುದಿಲ್ಲ. ಅದಕ್ಕೆ ಸೊಂಟ, ಬೆನ್ನಿನ ಡೆಕ್ಸಾ ಸ್ಕ್ಯಾನೇ (ಮೂಳೆ ಸಾಂದ್ರತೆ ಅಳೆಯುವ ಎಕ್ಸ್-ರೇ) ಬೇಕು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹಾರ್ಮೋನು ಮೂಳೆ ಮುರಿತ ತಗ್ಗಿಸಿದರೂ ಸ್ತನ ಕ್ಯಾನ್ಸರ್, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಎಂದಾಗ ಆ ದಾರಿ ಕಿರಿದಾಯಿತು.

ಅಷ್ಟರಲ್ಲಿ, 1995ರಿಂದಲೇ, ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ ಇತ್ತು. ಈಗ ವಾರಕ್ಕೊಂದು. ಖಾಲಿ ಹೊಟ್ಟೆಗೆ ಲೋಟ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಮುಟ್ಟಬಾರದು. (ನಮ್ಮವರಿಗೆ ರೋಗಕ್ಕಿಂತ ಈ ಕೊನೆಯ ಪಥ್ಯವೇ ಕಷ್ಟ.) ದವಡೆ ಮೂಳೆ ಕೊಳೆಯುವ, ತೊಡೆ ಮೂಳೆ ವಿಚಿತ್ರವಾಗಿ ಮುರಿಯುವ ಅಪರೂಪದ ಸುದ್ದಿಗಳು ಬಂದವು. ಸಾಮಾನ್ಯವಾಗಿ ಐದು ವರ್ಷದ ಬಳಿಕ ಪರಿಶೀಲಿಸಿ ಮಾತ್ರೆಗೆ ಬಿಡುವು ಕೊಡಬಹುದು ಎಂಬುದು ವೈದ್ಯರ ಉತ್ತರ. ಮನೆಮನೆಗೆ ತಲುಪಿದ್ದು ಹೆದರಿಕೆ ಮಾತ್ರ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲ 2007ರಲ್ಲಿ ಬಂತು.

2010ರಲ್ಲಿ ಬಂದ ಡೆನೊಸುಮ್ಯಾಬ್ ಆರು ತಿಂಗಳಿಗೊಂದು ಸೂಜಿ. ಮೂಳೆ ತಿನ್ನುವ ಜೀವಕೋಶಗಳನ್ನು ಅದು ತಡೆದಿಡುತ್ತದೆ. ಆದರೆ ಅಲೆಂಡ್ರೊನೇಟ್‌ನಂತೆ ಮೂಳೆಯಲ್ಲಿ ಉಳಿಯುವ ಮದ್ದಲ್ಲ. ಗಡುವು ಮೀರಿದರೆ ಆ ಕೋಶಗಳು ಹಸಿದು ಎದ್ದಂತೆ ಮುಗಿಬೀಳುತ್ತವೆ. ಗಳಿಸಿದ ಸಾಂದ್ರತೆ ಒಂದೆರಡು ವರ್ಷದಲ್ಲಿ ಕರಗುತ್ತದೆ, ಕೆಲವರಲ್ಲಿ ಬೆನ್ನಿನ ಹಲವು ಮೂಳೆಗಳು ಒಟ್ಟಿಗೇ ಕುಸಿಯುತ್ತವೆ. ನಿಲ್ಲಿಸಲೇಬೇಕಾದರೆ ಅದರ ಬೆನ್ನಿಗೇ ಬೇರೊಂದು ಮದ್ದು ಹಿಡಿಯಬೇಕು. ಸೂಜಿ ಕೊಟ್ಟ ದಿನವೇ ಇದನ್ನು ಎಷ್ಟು ಮನೆಯವರಿಗೆ ಬಿಡಿಸಿ ಹೇಳುತ್ತಾರೆ? ಮುಂಬೈಯ ಅಜ್ಜಿಯಂದಿರು ಮದುವೆ, ಕೋಲ ಎಂದು ಊರಿಗೆ ಹೋಗುವ ಮತ್ಸ್ಯಗಂಧ ರೈಲು ಹತ್ತಿದರೆ ಮಳೆಗಾಲ ಮುಗಿಸಿಯೇ ಮರಳುವವರು. 2020ರ ಲಾಕ್‌ಡೌನಿನಲ್ಲಂತೂ ರೈಲೇ ಇರಲಿಲ್ಲ.

ಹೊಸ ಮೂಳೆ ಕಟ್ಟುವ ಮದ್ದುಗಳೂ ಇವೆ: ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್, 2019ರ ರೊಮೊಸೊಜುಮ್ಯಾಬ್. ಇವುಗಳ ನಂತರವೂ ಕಟ್ಟಿದ್ದನ್ನು ಉಳಿಸಿಕೊಳ್ಳುವ ಮದ್ದು ಬೇಕು, ಇಲ್ಲವಾದರೆ ಕಟ್ಟಿದ್ದು ನಿಲ್ಲದು.

ಕ್ಯಾಲ್ಸಿಯಂ ಮಾತ್ರೆಯೊಂದೇ ಚಿಕಿತ್ಸೆ ಎಂದುಕೊಂಡವರೇ ಹೆಚ್ಚು. ಅದು ಅಡಿಪಾಯ, ಮನೆಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ದಿನದ ಅಗತ್ಯ ಸಾವಿರದಷ್ಟು. ಬಿಸಿಲು ಕಾಣದ ಫ್ಲಾಟಿನವರಿಗೆ 60,000 ಯೂನಿಟ್‌ನ ವಿಟಮಿನ್ ಡಿ ಪೊಟ್ಟಣ ಬರೆದುಕೊಡುತ್ತಾರೆ; ಕೆಲವು ವಾರಗಳಿಗೆಂದು ಬರೆದದ್ದನ್ನು ವರ್ಷಗಟ್ಟಲೆ ಪ್ರಸಾದದಂತೆ ಕುಡಿಯುವವರನ್ನು ಕಂಡಿದ್ದೇನೆ.

ಊರಿಗೆ ಹೊರಡುವ ಮೊದಲು ಚೀಟಿಯಲ್ಲಿ ಹಿಂದಿನ ಡೆನೊಸುಮ್ಯಾಬ್ ಸೂಜಿಯ ತಾರೀಕು ಬರೆಸಿಕೊಳ್ಳಿ. ಫ್ರಿಜ್ಜಿನಲ್ಲಿಡಬೇಕಾದ ಮದ್ದು ಅದು. ಉಡುಪಿಯ ಔಷಧಿ ಅಂಗಡಿಗೆ ವಾರ ಮುಂಚೆ ಹೇಳಿಟ್ಟರೆ ತರಿಸಿಡುತ್ತಾರೆ.