ಜಿಪಿಎಲ್ ಓದುತ್ತಾರೆ, ಜಿಪಿಎ ಮರೆಯುತ್ತಾರೆ

"ಜಿಪಿಎಲ್ ಇದೆಯಲ್ಲ ಸಾರ್, ಇನ್ನು ಅದನ್ನ ಯಾರೂ ಮುಚ್ಚೋಕಾಗಲ್ಲ, ಅಲ್ವಾ?"

ಮೈಸೂರಿನ ಸರಸ್ವತಿಪುರಂನ ನನ್ನ ಚಿಕ್ಕ ವಕೀಲಿ ಆಫೀಸಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಜಿಪಿಎಲ್ ಅಂದರೆ ಒಂದು ಸಾಫ್ಟ್‌ವೇರ್ ಲೈಸೆನ್ಸ್: ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು, ಆದರೆ ಹಂಚುವಾಗ ಅದೇ ಷರತ್ತಿನಲ್ಲಿ ಮುಕ್ತವಾಗಿಯೇ ಹಂಚಬೇಕು. ಬರುವವರು ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗ ಹುಡುಗಿಯರು. ಬುದ್ಧಿವಂತರು. ಲೈಸೆನ್ಸ್ ಷರತ್ತುಗಳು ನನಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಆದರೆ ಬೇರೆಯವರ ಪ್ರಾಜೆಕ್ಟಿಗೆ ನನ್ನ ಕೋಡ್ ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಹಾಕಿದ ಅರ್ಧ ನಿಮಿಷಕ್ಕೆ ಒಂದು ಬಾಟ್ ಬಂದು "ಮೊದಲು ಸಿಎಲ್‌ಎ ಒಪ್ಪಿಕೊಳ್ಳಿ" ಅಂದಾಗ ಮಾತ್ರ ಓದದೆ ಟಿಕ್ ಹಾಕಿಬಿಡುತ್ತಾರೆ. ಸಿಎಲ್‌ಎ ಅಂದರೆ ಕೋಡ್ ಕೊಡುವವರು ಪ್ರಾಜೆಕ್ಟ್ ನಡೆಸುವವರ ಜೊತೆ ಮಾಡಿಕೊಳ್ಳುವ ಒಪ್ಪಂದ.

ಹೋದ ಮಳೆಗಾಲದಲ್ಲಿ ಮದ್ದೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಜೊತೆಗೆ ಅಪ್ಪ, ಕಬ್ಬು ಬೆಳೆಯುವವರು. ಹುಡುಗ ಒಂದು ನೋಟ್ಸ್ ಆ್ಯಪ್‌ಗೆ ನಾಲ್ಕು ತಿಂಗಳು ರಾತ್ರಿ ಕೂತು ಕೋಡ್ ಬರೆದಿದ್ದ. ಅದರಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತಕ್ಷರ ಕಿತ್ತುಹೋಗುತ್ತಿತ್ತಂತೆ, ಅದನ್ನು ಸರಿಮಾಡಿದ್ದ. ಅದರದು ಎಜಿಪಿಎಲ್, ಜಿಪಿಎಲ್ ಜಾತಿಯದೇ ಲೈಸೆನ್ಸ್. ಆಮೇಲೆ ಆ ಆ್ಯಪಿನ ಕಂಪನಿ ಹೊಸ ಆವೃತ್ತಿಯನ್ನು ಮುಚ್ಚಿದ ಲೈಸೆನ್ಸಿಗೆ ಹಾಕಿತು. ಇವನ ಕೋಡ್ ಸಮೇತ. "ಕೇಸ್ ಹಾಕೋಣ ಸಾರ್" ಅಂದ.

ಒಪ್ಪಂದ ತೋರಿಸು ಅಂದೆ. ಮೊಬೈಲಲ್ಲಿ ಹುಡುಕಿ ತೆಗೆದ. ನಾಲ್ಕನೇ ಸಾಲಲ್ಲೇ ಇತ್ತು: ಈ ಕೋಡನ್ನು ಕಂಪನಿ ತನಗೆ ಬೇಕಾದ ಯಾವುದೇ ಲೈಸೆನ್ಸಿನಲ್ಲಿ ಬೇರೆಯವರಿಗೆ ಕೊಡಬಹುದು. ಜೊತೆಗೆ ಶಾಶ್ವತವಾಗಿ, ಇಡೀ ಜಗತ್ತಿಗೆ, ಹಿಂಪಡೆಯಲಾಗದಂತೆ.

ನಾನು ಕನ್ನಡದಲ್ಲಿ ಓದಿ ಹೇಳಿದೆ. ಮಗ ಸುಮ್ಮನಿದ್ದ. ಅಪ್ಪನಿಗೆ ತಕ್ಷಣ ಹೊಳೆಯಿತು. ಸೈಟು ಜಮೀನಿನ ವ್ಯವಹಾರ ನಮ್ಮ ಪರವಾಗಿ ಮಾಡಲಿ ಅಂತ ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ, ಜಿಪಿಎ, ಅವರಿಗೆ ಗೊತ್ತಿತ್ತು.

"ಜಿಪಿಎ ಬರ್ಕೊಟ್ಬುಟ್ಟವ್ನೆ ಅನ್ನಿ ಸಾರ್. ಮಾರೋ ಹಕ್ಕೂ ಸೇರ್ಸಿ."

"ಸೈನ್ ಹಾಕಿಲ್ಲಪ್ಪ, ಬರೀ ಟಿಕ್ಕು."

"ಓದ್ದೆ ಒತ್ತಿದ್ಯಲ್ಲ, ಅಷ್ಟೇ ತಾನೇ?"

ಅಷ್ಟೇ. ಪರದೆಯ ಮೇಲೆ ಮಾಡಿಕೊಂಡದ್ದು ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹಾಗೇ ಹೇಳುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದು, ಸ್ವಲ್ಪ ಸಹಿಸಿಕೊಳ್ಳಿ. ಮುಕ್ತವಾಗಿಯೇ ಹಂಚಬೇಕು ಅನ್ನುವ ಜಿಪಿಎಲ್ ಷರತ್ತು, ಅಂದರೆ ಕಾಪಿಲೆಫ್ಟ್, ಕಟ್ಟಿಹಾಕುವುದು ಕೋಡ್ ಪಡೆದವರನ್ನು. ಕೋಡಿನ ಒಡೆಯರನ್ನಲ್ಲ. ನೀವು ಬರೆದ ಕೋಡನ್ನು ಜಿಪಿಎಲ್‌ನಲ್ಲಿ ನನಗೆ ಕೊಟ್ಟರೆ ನಾನು ಷರತ್ತು ಪಾಲಿಸಬೇಕು. ನೀವು ನಾಳೆ ಅದನ್ನೇ ಇನ್ನೊಬ್ಬರಿಗೆ ಬೇರೆ ಷರತ್ತಿನಲ್ಲಿ ಮಾರಬಹುದು. ಕೇಳುವವರಿಲ್ಲ.

ಹಾಗಾದರೆ ಕಂಪನಿ? ಅದು ತಾನು ಬರೆದ ಕೋಡಿಗೆ ಒಡೆಯ. ನಿಮ್ಮ ಕೋಡಿಗೆ ಅಲ್ಲ. ಸಿಎಲ್‌ಎ ಇಲ್ಲದೆ, ಅದೇ ಜಿಪಿಎಲ್‌ನಲ್ಲಿ ನಿಮ್ಮ ಕೋಡ್ ಒಳಗೆ ಹೋದರೆ ಕಂಪನಿಯೂ ನನ್ನ ಹಾಗೆ ಪಡೆದವನ ಸಾಲಿಗೇ ಬರುತ್ತದೆ. ಮುಚ್ಚಬೇಕೆಂದರೆ ನಿಮ್ಮನ್ನು ಕೇಳಬೇಕು, ಇಲ್ಲವೇ ನಿಮ್ಮ ಸಾಲುಗಳನ್ನು ಕಿತ್ತು ಹೊಸದಾಗಿ ಬರೆಯಬೇಕು. ಜಿಪಿಎಲ್‌ನಲ್ಲಿರುವ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಹೀಗೇ ಉಳಿದಿದೆ. ಅಲ್ಲಿ ಸಿಎಲ್‌ಎ ಇಲ್ಲ. 2004ರಿಂದ ಪ್ರತಿ ಪ್ಯಾಚಿಗೂ, ಅಂದರೆ ಪ್ರತಿ ತಿದ್ದುಪಡಿಗೂ, "ಇದನ್ನು ಕೊಡುವ ಹಕ್ಕು ನನಗಿದೆ" ಎನ್ನುವ ಒಂದು ಸಾಲಿನ ಸಹಿ ಅಷ್ಟೇ. ಸಾವಿರಾರು ಒಡೆಯರು. ಅದನ್ನು ಶುರುಮಾಡಿದ ಟೊರ್ವಾಲ್ಡ್ಸ್ ಒಬ್ಬರೇ ಮನಸ್ಸು ಮಾಡಿದರೂ ಲೈಸೆನ್ಸ್ ಬದಲಾಗುವುದಿಲ್ಲ.

ಸಿಎಲ್‌ಎಯಲ್ಲಿ ಆ ನಾಲ್ಕನೇ ಸಾಲು ಇದ್ದರೆ ಈ ಬೀಗ ತೆರೆದಂತೆ. ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ, ವ್ಯವಹಾರ ಅವರು ಮಾಡುತ್ತಾರೆ. ಹೋಲಿಕೆ ಪೂರ್ತಿ ಕೂರುವುದಿಲ್ಲ ಬಿಡಿ. ಸೈಟಿನ ಜಿಪಿಎಯನ್ನು ಸಾಮಾನ್ಯವಾಗಿ ರದ್ದು ಮಾಡಬಹುದು, ಇದನ್ನು ಹಾಗೆ ಮಾಡಲಾಗದಂತೆ ಬರೆದಿರುತ್ತಾರೆ. 2018ರಲ್ಲಿ ಡೇಟಾಬೇಸ್ ಮಾಡುವ ಮೊಂಗೊಡಿಬಿ ಕಂಪನಿ ಎಜಿಪಿಎಲ್ ಬಿಟ್ಟಿತು. 2023ರಲ್ಲಿ ಹ್ಯಾಶಿಕಾರ್ಪ್ ಕಂಪನಿ ಸರ್ವರ್ ಸಜ್ಜುಮಾಡುವ ತನ್ನ ಟೆರಾಫಾರ್ಮನ್ನು ಎಂಪಿಎಲ್ ಅನ್ನುವ ಮುಕ್ತ ಲೈಸೆನ್ಸಿನಿಂದ ತೆಗೆದು, ಬಳಕೆಗೆ ಮಿತಿ ಹಾಕುವ ಬಿಎಸ್‌ಎಲ್‌ಗೆ ಹಾಕಿತು. ಎರಡೂ ಕಡೆ ಹೊರಗಿನವರ ಕೈಯಲ್ಲಿ ಮೊದಲೇ ಸಿಎಲ್‌ಎ ಮಾಡಿಸಿಕೊಂಡಿದ್ದರು. ಮೋಸ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಾಗದದಲ್ಲಿ ಇದ್ದದ್ದೇ.

"ಶಾಶ್ವತ, ಇಡೀ ಜಗತ್ತಿಗೆ" ಅನ್ನುವುದೂ ಅಲಂಕಾರಕ್ಕಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ 5 ವರ್ಷ ಅಂತ ಲೆಕ್ಕ, ಊರು ಹೇಳದಿದ್ದರೆ ಭಾರತಕ್ಕೆ ಮಾತ್ರ. ಲೈಸೆನ್ಸಿಗೂ ಆ ನಿಯಮ ತಕ್ಕಮಟ್ಟಿಗೆ ಅನ್ವಯ ಅಂತ 30ಎ ಹೇಳುತ್ತದೆ. ವಕೀಲರು ಆ ಎರಡು ಪದ ಬಿಡುವುದು ಅಪರೂಪ.

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು, ಎಲ್ಲಾ ಸಿಎಲ್‌ಎ ಒಂದೇ ಅಲ್ಲ. ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದು ಹಕ್ಕನ್ನೇ ಪೂರ್ತಿ ಬರೆಸಿಕೊಳ್ಳುವ ಕಾಗದ, ಆದರೆ ಅದರಲ್ಲಿ ಕೋಡನ್ನು ಮುಕ್ತವಾಗಿಯೇ ಹಂಚುತ್ತೇವೆ ಅನ್ನುವ ಮಾತೂ ಇರುತ್ತದೆ. ಎದುರಿನವರು ಏನು ಮಾತು ಕೊಟ್ಟಿದ್ದಾರೆ ಅಂತ ನೋಡಿ. ನಿಮ್ಮ ಕಾಗದ ನೋಡದೆ ನಾನು ಸಹಿ ಹಾಕಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಇನ್ನೊಂದು: ಕೆಲಸದ ಭಾಗವಾಗಿ ಬರೆದ ಕೋಡ್ ಅದೇ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಕಂಪನಿಯದು. ಶನಿವಾರ ರಾತ್ರಿ ಬರೆದದ್ದೂ ಕಂಪನಿಯದೇ ಅಂತ ಕೆಲವು ನೇಮಕಾತಿ ಪತ್ರಗಳು ಹೇಳುತ್ತವೆ. ಆಗ ನಿಮ್ಮದಲ್ಲದ್ದನ್ನು ನೀವು ಬರೆದುಕೊಟ್ಟ ಹಾಗಾಗುತ್ತದೆ. ಆ ಪತ್ರವನ್ನೂ ತನ್ನಿ.

ಹುಡುಗನಿಗೆ ಕೇಸ್ ಬೇಡ ಅಂದೆ. ಅವನ ಕೈಯಲ್ಲಿ ಏನೂ ಉಳಿದಿಲ್ಲ ಅಂತಲ್ಲ. ಎಜಿಪಿಎಲ್‌ನಲ್ಲಿ ಬಂದ ಹಳೇ ಆವೃತ್ತಿ ಇವತ್ತಿಗೂ ಎಜಿಪಿಎಲ್ಲೇ. ಅಲ್ಲಿಂದ ಫೋರ್ಕ್ ಮಾಡಿಕೊಂಡು, ಅಂದರೆ ತನ್ನದೇ ಕವಲು ತೆಗೆದು, ಮುಂದುವರಿಯಬಹುದು. ಟೆರಾಫಾರ್ಮ್‌ನಿಂದ ಓಪನ್‌ಟೋಫು ಹುಟ್ಟಿದ್ದು ಹಾಗೇ. ಅವನ ಒಪ್ಪಂದದಲ್ಲಿ ಹಕ್ಕುಸ್ವಾಮ್ಯ ಅವನಲ್ಲೇ ಉಳಿದಿದ್ದರಿಂದ, ತಾನು ಬರೆದ ಸಾಲುಗಳನ್ನು ಬೇರೆ ಯಾರಿಗಾದರೂ ಕೊಡಬಹುದು. ಅಪ್ಪ ಇದನ್ನೆಲ್ಲಾ ಕೇಳಿ, "ಬೇರಿದ್ರೆ ಕೂಳೆ ಬತ್ತದೆ ಬುಡು" ಅಂತ ಎದ್ದರು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಹುಡುಗ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಇನ್ಯಾವುದೋ ಪ್ರಾಜೆಕ್ಟಿನ ಸಿಎಲ್‌ಎ. ಒಂದು ಸಾಲಿಗೆ ಕೆಂಪು ಗೆರೆ ಹಾಕಿ, "ಸಾರ್, ಇದು ಜಿಪಿಎನಾ?" ಅಂತ ಕೇಳಿದ್ದ. ಹೌದು ಅಂದೆ.

"ಸರಿ ಸಾರ್. ಆದ್ರೂ ಒತ್ತುತೀನಿ. ಈ ಬಗ್ ಇದ್ರೆ ನಿದ್ದೆ ಬರಲ್ಲ."