ಲ್ಯಾಬ್‌ನಲ್ಲಿ ಬೆಳೆದ ಮಾಂಸವನ್ನು ಯಾರು ತಿಂತಾರೆ?

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು 193 ಜನರಿಗೆ ಎರಡೆರಡು ತುಂಡು ಹ್ಯಾಂಬರ್ಗರ್ ಕೊಟ್ಟರು. ಒಂದು ಮಾಮೂಲಿ ದನದ ಮಾಂಸದ್ದು, ಇನ್ನೊಂದು ಲ್ಯಾಬ್‌ನಲ್ಲಿ ಬೆಳೆಸಿದ್ದು ಅಂತ ಹೇಳಿದರು. ಅದಕ್ಕೂ ಮುಂಚೆ ಲ್ಯಾಬ್ ಮಾಂಸದ ಬಗ್ಗೆ ಒಂದಿಷ್ಟು ಒಳ್ಳೆಯ ಮಾಹಿತಿಯನ್ನೂ ಕೊಟ್ಟಿದ್ದರು. ಎಲ್ಲರೂ ತಿಂದರು. ಒಟ್ಟಾರೆ ಲ್ಯಾಬ್ ತುಂಡಿಗೇ ಜಾಸ್ತಿ ಅಂಕ ಬಿತ್ತು. ಅದಕ್ಕೆ ಹೆಚ್ಚು ದುಡ್ಡು ಕೊಡಲೂ ರೆಡಿ ಎಂದರು ಶೇ. 58ರಷ್ಟು ಜನ. ಆದರೆ ಎರಡೂ ಒಂದೇ ಮಾಂಸ! ಲ್ಯಾಬ್‌ನದ್ದು ಅಲ್ಲಿ ಇರಲೇ ಇಲ್ಲ.

2020ರಲ್ಲಿ ಪ್ರಕಟವಾದ ಈ ಅಧ್ಯಯನ ನಡೆಸಿದವರಲ್ಲಿ ಮಾರ್ಕ್ ಪೋಸ್ಟ್ ಕೂಡ ಒಬ್ಬರು. ಜಗತ್ತಿನ ಮೊದಲ ಲ್ಯಾಬ್ ಬರ್ಗರ್ ಮಾಡಿದವರೇ ಅವರು. ಹಾಗಾಗಿ ಫಲಿತಾಂಶವನ್ನು ಕೊಂಚ ಹುಷಾರಾಗಿಯೇ ಓದಬೇಕು. ಆದರೂ ಒಂದು ವಿಷಯ ಗೊತ್ತಾಗುತ್ತದೆ. ಏನು ತಿನ್ನುತ್ತಿದ್ದೇವೆ ಅಂತ ನಂಬಿದ್ದೇವೋ ಅದೂ ನಾಲಿಗೆಗೆ ರುಚಿಸುತ್ತದೆ.

ಪೋಸ್ಟ್ ಅವರ ಆ ಬರ್ಗರ್ 2013ರ ಆಗಸ್ಟ್ 5ರಂದು ಲಂಡನ್‌ನಲ್ಲಿ ಕ್ಯಾಮೆರಾಗಳ ಎದುರೇ ಬೆಂದಿತು. ಖರ್ಚು ಎರಡೂವರೆ ಲಕ್ಷ ಯೂರೋ. ಕೊಟ್ಟವರು ಗೂಗಲ್‌ನ ಸೆರ್ಗೆ ಬ್ರಿನ್. ಬಣ್ಣ ಬರಲಿ ಅಂತ ಬೀಟ್‌ರೂಟ್ ರಸ, ಕೇಸರಿ ಹಾಕಿದ್ದರು. ತಿಂದು ನೋಡಿದವರು ಮಾಂಸದ ಹಾಗೇ ಇದೆ, ಆದರೆ ಕೊಬ್ಬಿಲ್ಲ, ರಸ ಕಮ್ಮಿ ಎಂದರು. ಬಾಡು ತಿನ್ನುವವರಿಗೆ ಇದು ಸಣ್ಣ ದೂರೇನೂ ಅಲ್ಲ.

ಮಾಡುವ ಬಗೆ ಹೀಗೆ. ಬದುಕಿರುವ ಪ್ರಾಣಿಯ ಸ್ನಾಯುವಿನಿಂದ ಚೂರು ತೆಗೆಯುತ್ತಾರೆ. ಗಾಯವಾದಾಗ ಸ್ನಾಯುವನ್ನು ರಿಪೇರಿ ಮಾಡುವ ಕಾಂಡಕೋಶಗಳು ಅದರಲ್ಲಿರುತ್ತವೆ. ಅವನ್ನು ಸಕ್ಕರೆ, ಅಮೈನೋ ಆಮ್ಲ, ಲವಣ, ಬೆಳವಣಿಗೆಯ ಪ್ರೋಟೀನುಗಳಿರುವ ದ್ರವದಲ್ಲಿ ಬಿಟ್ಟರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತವೆ. ಆಮೇಲೆ ಆಸರೆ ಕೊಟ್ಟು ಎಳೆಗಳಾಗಿ ಬೆಳೆಸುತ್ತಾರೆ. ಕೇಳೋಕೆ ಸುಲಭ, ಅಲ್ವಾ? ಕಷ್ಟ ಇರುವುದು ದೊಡ್ಡ ತೊಟ್ಟಿಯಲ್ಲಿ. ಇಂಥ ಜೀವಕೋಶ ಒಂದು ಎರಡಾಗಲು ಸುಮಾರು ಒಂದು ದಿನ ಹಿಡಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅನುಕೂಲ ಸಿಕ್ಕರೆ ಇಪ್ಪತ್ತೇ ನಿಮಿಷ ಸಾಕು. ಕೋಳಿಗೆ ರೋಗದ ವಿರುದ್ಧ ಹೋರಾಡುವ ಶಕ್ತಿ ಮೈಯಲ್ಲೇ ಇದೆ, ತೊಟ್ಟಿಗೆ ಇಲ್ಲ. ಒಂದು ಬ್ಯಾಕ್ಟೀರಿಯಾ ಹೇಗೋ ನುಸುಳಿದರೂ ಅಷ್ಟೂ ಮಾಲು ಚರಂಡಿಗೆ. ಔಷಧ ಕಾರ್ಖಾನೆಯಷ್ಟು ಶುದ್ಧವಾದ ಜಾಗದಲ್ಲಿ ಊಟದ ಸಾಮಾನು ಬೆಳೆಸಬೇಕು, ಅದೂ ಫಾರಂ ಕೋಳಿಯ ರೇಟಿಗೆ!

ಜನ ಒಪ್ಪುತ್ತಾರಾ ಅಂತ ಕೇಳಿದ ಸಮೀಕ್ಷೆಗಳು ಬೇಕಾದಷ್ಟಿವೆ. 2019ರಲ್ಲಿ ಅಮೆರಿಕ, ಚೀನಾ, ಭಾರತದ ಸುಮಾರು ಮೂರು ಸಾವಿರ ಜನರನ್ನು ಕೇಳಿದಾಗ ಅಮೆರಿಕದವರಿಗಿಂತ ನಮ್ಮವರೂ ಚೀನೀಯರೂ ಜಾಸ್ತಿ ಆಸಕ್ತಿ ತೋರಿಸಿದ್ದರು. ಆದರೆ ಉತ್ತರ ಕೊಟ್ಟ ಭಾರತೀಯರಲ್ಲಿ ಪೇಟೆಯ, ಚೆನ್ನಾಗಿ ಓದಿಕೊಂಡವರ ಪಾಲೇ ಹೆಚ್ಚು. ಅದೂ ಅಲ್ಲದೆ, ಅಂಗಡಿಯಲ್ಲಿ ಇಲ್ಲದ ಸಾಮಾನನ್ನು ಕೊಳ್ಳುತ್ತೀರಾ ಅಂದರೆ ಹೂಂ ಅನ್ನುವುದಕ್ಕೆ ಏನು ಖರ್ಚು? ಇಂಥ ‘ಹೂಂ’ಗಳ ಮೇಲೆ ನನಗೆ ನಂಬಿಕೆ ಕಮ್ಮಿ.

‘ಛೀ’ ಎನ್ನುವವರನ್ನೂ ಅಷ್ಟೇ, ಪೂರ್ತಿ ನಂಬಬೇಕಿಲ್ಲ. ಅಸಹ್ಯದ ಬಗ್ಗೆ ಹೆಚ್ಚು ಕೆಲಸ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್. ಅವರು ಮಾಡಿದ ಒಂದು ಪ್ರಯೋಗ ತುಂಬಾ ಹೆಸರುವಾಸಿ. ಕ್ರಿಮಿಶುದ್ಧ ಮಾಡಿದ ಸತ್ತ ಜಿರಳೆಯೊಂದನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು, ಕುಡಿಯಿರಿ ಎಂದರು. ಏನೂ ಅಪಾಯವಿಲ್ಲ ಅಂತ ಗೊತ್ತಿದ್ದರೂ ಜನ ಲೋಟ ಮುಟ್ಟಲು ಹಿಂಜರಿದರು. ಲ್ಯಾಬ್ ಮಾಂಸದ ಕಥೆಯೂ ಸ್ವಲ್ಪ ಇದೇ. ಕೋಶ, ತೊಟ್ಟಿ, ದ್ರವ ಅಂತ ವಿವರಿಸುತ್ತಾ ಹೋದಷ್ಟೂ ಜನ ಹಿಂದೆ ಸರಿಯುತ್ತಾರೆ. ಮೇಲೆ ನಾನು ವಿವರಿಸಿದ್ದೂ ಯಾರಿಗಾದರೂ ಹಾಗೇ ಆಗಿರಬಹುದು.

ನಮ್ಮ ಕಡೆ ಜನ ಏನು ಮಾಡಬಹುದು ಅಂತ ತಿಳಿಯಲು ಬಾಯ್ಲರ್ ಕೋಳಿಯನ್ನು ನೋಡಿದರೆ ಸಾಕು. ಅದರ ಬಗ್ಗೆ ಒಳ್ಳೆ ಮಾತಾಡಿದವರನ್ನು ನಾನಂತೂ ಕಂಡಿಲ್ಲ. ರುಚಿ ಇಲ್ಲ, ಸಪ್ಪೆ, ಇಂಜೆಕ್ಷನ್ ಹಾಕಿ ಬೆಳೆಸ್ತಾರೆ, ಮೈಗೆ ಉಷ್ಣ! (ಇಂಜೆಕ್ಷನ್ ಮಾತು ಸುಳ್ಳು. ಅದು ಆರು ವಾರದಲ್ಲಿ ಎರಡು ಕೆಜಿ ತೂಗುವುದು ದಶಕಗಳ ತಳಿ ಆಯ್ಕೆಯಿಂದ, ಮೇವಿನಿಂದ.) ಯಾರನ್ನು ಕೇಳಿದರೂ ನಾಟಿ ಕೋಳಿಯೇ ಕೋಳಿ. ಭಾನುವಾರ ಬೆಳಗ್ಗೆ ಚಿಕನ್ ಅಂಗಡಿ ಮುಂದೆ ನಿಂತವರ ಚೀಲಕ್ಕೆ ಬೀಳುವುದು ಮಾತ್ರ ಬಾಯ್ಲರ್. ಅಗ್ಗ, ಬೇಗ ಬೇಯುತ್ತದೆ, ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ‘ಇದು ಸಹಜ ಅಲ್ಲ’ ಎಂಬ ದೂರನ್ನು ಅರ್ಧ ಶತಮಾನದಿಂದ ಹೊತ್ತುಕೊಂಡೇ ಅದು ನಮ್ಮ ಅಡುಗೆಮನೆಗೆ ನುಗ್ಗಿಬಿಟ್ಟಿದೆ. ಲ್ಯಾಬ್ ಮಾಂಸವೂ ಆ ಬೆಲೆಗೆ ಇಳಿದರೆ ಬೈದುಕೊಂಡೇ ಕೊಳ್ಳುತ್ತಾರೆ. ಇಳಿಯದಿದ್ದರೆ ಎಷ್ಟು ಹೊಗಳಿದರೂ ಕೊಳ್ಳುವುದಿಲ್ಲ.

ಸಿಂಗಪುರದಲ್ಲಿ ಆಗಿರುವುದನ್ನು ನೋಡಿ. ಇಂಥ ಮಾಂಸದ ಮಾರಾಟಕ್ಕೆ 2020ರ ಡಿಸೆಂಬರ್‌ನಲ್ಲಿ ಮೊದಲು ಒಪ್ಪಿಗೆ ಕೊಟ್ಟ ದೇಶ ಅದು. 2024ರಲ್ಲಿ ಅಲ್ಲಿನ ಹ್ಯೂಬರ್ಸ್ ಎಂಬ ಮಾಂಸದಂಗಡಿಯಲ್ಲಿ ‘ಗುಡ್ ಮೀಟ್’ ಪ್ಯಾಕೆಟ್ ಮಾರಾಟಕ್ಕೆ ಬಂತು. 120 ಗ್ರಾಂಗೆ 7.20 ಸಿಂಗಪುರ ಡಾಲರ್. ಅದರಲ್ಲಿ ಕೋಳಿಯ ಕೋಶ ಬರೀ ಶೇ. 3. ಉಳಿದದ್ದು ಸಸ್ಯಮೂಲದ್ದು. ಮಾಂಸಕ್ಕಿಂತ ಒಗ್ಗರಣೆ ಅನ್ನಬಹುದು ಅದನ್ನು.

ಇಷ್ಟರಲ್ಲೇ ಗಲಾಟೆಯೂ ಶುರುವಾಗಿದೆ. ಇಟಲಿ 2023ರಲ್ಲಿ, ಅಮೆರಿಕದ ಫ್ಲಾರಿಡಾ 2024ರಲ್ಲಿ ಇದನ್ನು ನಿಷೇಧಿಸಿದವು. ಅಲ್ಲಿನ ಅಂಗಡಿಗೇ ಬಾರದ ಮಾಂಸಕ್ಕೆ ಬಾಗಿಲು ಹಾಕಿದ್ದು!

ಅಗ್ಗವಾದರೂ ಎಲ್ಲ ಕಡೆ ನಡೆಯುತ್ತದಾ? ಮಂಡ್ಯ, ಮೈಸೂರು ಕಡೆ ಯುಗಾದಿ ಮಾರನೇ ದಿನ ಹೊಸತೊಡಕು. ಊರಿನವರು ದುಡ್ಡು ಹಾಕಿ ಕುರಿ ತಂದು, ಕೊಯ್ದು, ಗುಡ್ಡೆ ಹಾಕುತ್ತಾರೆ. ಒಂದೊಂದು ಗುಡ್ಡೆಗೂ ತೊಡೆ, ಪಕ್ಕೆಲುಬು, ಈಲಿ, ಬೋಟಿ ಎಲ್ಲದರ ಪಾಲು ಬೀಳಬೇಕು. ಒಂದು ಚೂರು ಆಚೀಚೆ ಆದರೂ ಜಗಳ. ಲ್ಯಾಬ್ ಕೊಡುವುದು ಸ್ನಾಯುವಿನ ಮೆತ್ತನೆ ಮುದ್ದೆ. ಅದರಲ್ಲಿ ಕಾಲು ಸೂಪಿಗೆ ಕಾಲಿಲ್ಲ, ಹೀರಲು ನಲ್ಲಿ ಮೂಳೆ ಇಲ್ಲ. ಕಣ್ಣೆದುರೇ ಕೊಯ್ದರೆ ಮಾತ್ರ ತಾಜಾ ಅಂತ ನಂಬುವವರಿಗೆ ಪ್ಯಾಕೆಟ್ ಮೇಲೆ ವಿಶ್ವಾಸ ಹುಟ್ಟುವುದೂ ಕಷ್ಟ. ಕೀಮಾ, ಕಬಾಬ್, ನಗೆಟ್ಸ್, ಬರ್ಗರ್‌ನಂಥ ಗುರುತು ಸಿಗದ ರೂಪದಲ್ಲಿ ಬಂದರೆ ಬೇರೆ ಮಾತು.

ಸಸ್ಯಾಹಾರಿಗಳು ತಿಂತಾರಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೊಲ್ಲದೆ ಬಂದ ಮಾಂಸ ತಾನೆ? ಪೂರ್ತಿ ಹಾಗೂ ಅಲ್ಲ. ಕೋಶ ಬೆಳೆಸುವ ದ್ರವಕ್ಕೆ ಮೊದಲೆಲ್ಲ ಗಬ್ಬದ ಹಸುವನ್ನು ಕಡಿದಾಗ ಸಿಗುವ ಭ್ರೂಣದ ರಕ್ತದಿಂದ ತೆಗೆದ ಸೀರಂ ಹಾಕುತ್ತಿದ್ದರು. ಈಗ ಹಲವರು ಅದನ್ನು ಬಿಟ್ಟಿದ್ದಾರೆ. ಆದರೆ ನಮ್ಮಲ್ಲಿ ಮಾಂಸ ಬಿಟ್ಟವರು ಹೆಚ್ಚಾಗಿ ಬಿಟ್ಟಿದ್ದು ಮನೆತನದ ರೂಢಿಯಿಂದ. ಪ್ರಾಣಿಗೆ ನೋವಾಗಲಿಲ್ಲ ಅಂದ ಮಾತ್ರಕ್ಕೆ ಅವರ ನಾಲಿಗೆ ಬದಲಾಗುವುದಿಲ್ಲ. ವಾಸನೆಗೇ ಆಗದವರೂ ಇದ್ದಾರಲ್ಲ. ಆ ಗಿರಾಕಿಗಳನ್ನು ನೆಚ್ಚಿಕೊಂಡು ಕಂಪನಿ ತೆಗೆದವರಿಗೆ ನಷ್ಟ ಗ್ಯಾರಂಟಿ. ಧರ್ಮದ ಹಿರಿಯರು ಮಾತ್ರ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಮಾತಾಡಿದ್ದಾರೆ. ತಿನ್ನಬಹುದಾದ ಪ್ರಾಣಿಯ ಕೋಶವಾಗಿದ್ದು, ನಿಷಿದ್ಧವಾದದ್ದು ಏನೂ ಬೆರೆಯದಿದ್ದರೆ ಹಲಾಲ್ ಆಗಬಹುದು ಅಂತ ಸಿಂಗಪುರದ ಫತ್ವಾ ಸಮಿತಿ 2024ರಲ್ಲಿ ಹೇಳಿತು.

ನಮ್ಮ ದೇಶದಲ್ಲಿ ಇದು ಮೊದಲು ಬರುವುದು ಮೀನಿನ ರೂಪದಲ್ಲಿ ಅಂತ ನನ್ನ ಅಂದಾಜು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ನೀಟ್ ಮೀಟ್ ಎಂಬ ಕಂಪನಿ ಜತೆ ಸೇರಿ ಲ್ಯಾಬ್ ಮೀನಿನ ಕೆಲಸಕ್ಕೆ ಕೈಹಾಕಿತು. ಆರಿಸಿಕೊಂಡದ್ದು ಅಂಜಲ್, ಮಾಂಜಿಯಂಥ ದುಬಾರಿ ಮೀನುಗಳನ್ನು. ಇದು ಜಾಣ ಲೆಕ್ಕ. ಬಂಗುಡೆ, ಬೂತಾಯಿ ಜತೆ ಬೆಲೆಯಲ್ಲಿ ಪೈಪೋಟಿ ಮಾಡಲು ಯಾವ ಲ್ಯಾಬಿಗೂ ಸದ್ಯಕ್ಕೆ ಆಗದು. ಅಂಜಲ್ ಹಾಗಲ್ಲ, ಅದು ಮೊದಲೇ ತುಟ್ಟಿ. ನಮ್ಮ ಕರಾವಳಿಯಲ್ಲಿ ಜೂನ್ ಒಂದರಿಂದ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಂತೂ ರೇಟು ಕೇಳುವುದೇ ಬೇಡ. ಆ ಮಳೆಗಾಲದಲ್ಲಿ ಮಂಗಳೂರಿನ ಹೋಟೆಲೊಂದು ಮುಳ್ಳಿಲ್ಲದ ಲ್ಯಾಬ್ ಅಂಜಲ್ ತುಂಡಿಗೆ ಮಸಾಲೆ ಹಚ್ಚಿ ತವಾ ಫ್ರೈ ಮಾಡಿ, ಕಡಲ ಅಂಜಲ್‌ಗಿಂತ ನೂರು ರೂಪಾಯಿ ಕಮ್ಮಿಗೆ ಕೊಟ್ಟರೆ ಎಷ್ಟು ಜನ ಬೇಡ ಅಂತಾರೆ? ಮಸಾಲೆ ಸರಿಯಾಗಿದ್ದರೆ ಎರಡನೇ ತುಂಡೂ ಹೇಳಿಯಾರು.