ಟ್ಯಾಪೆಟ್ ಸದ್ದಿನ ಲೆಕ್ಕ

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಕಿಟಕಿ ಗಾಜು ಏರಿಸಿ ಹೊರಟರೆ ಗಾಳಿ, ಟೈರು, ಪಕ್ಕದ ಲಾರಿಗಳ ಅಬ್ಬರದಲ್ಲಿ ಇಂಜಿನ್ನಿನ ಸಣ್ಣಪುಟ್ಟ ದೂರು ಕಿವಿಗೆ ಬೀಳುವುದೇ ಇಲ್ಲ. ಊರೊಳಗೆ ಬಂದು ಬೆಣ್ಣೆದೋಸೆ ಹೋಟೆಲ್ಲಿನ ಕಾಂಪೌಂಡಿಗೆ ಒತ್ತಿ ಗಾಡಿ ನಿಲ್ಲಿಸುವಾಗ ಗೋಡೆ ಆ ಸದ್ದನ್ನು ವಾಪಸ್ ಕಳಿಸುತ್ತದೆ: ಟಿಕ್, ಟಿಕ್, ಟಿಕ್. ಮರುದಿನ ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಮಾಲೀಕರ ಬೇಡಿಕೆ, "ಟ್ಯಾಪೆಟ್ ಹೊಡೀತೈತಿ, ಟೈಟ್ ಮಾಡಿ ಸೌಂಡ್ ನಿಲ್ಲಿಸಿಕೊಡ್ರಿ." ಇದನ್ನು ಹೇಳಿದ ಹಾಗೇ ಮಾಡಿಕೊಡುವ ಮೆಕ್ಯಾನಿಕ್ ಸಿಕ್ಕರೆ ಇಂಜಿನ್ನಿನ ಗತಿ ಕಷ್ಟ.

ಮೊದಲು ಸದ್ದನ್ನು ಎಣಿಸಬೇಕು. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್; ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು ಒತ್ತುವ ಉಬ್ಬುಗಳ ದಂಡ ಕ್ಯಾಮ್; ಆ ಒತ್ತನ್ನು ವಾಲ್ವಿಗೆ ದಾಟಿಸುವ ತುಂಡು ಟ್ಯಾಪೆಟ್. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಐಡ್ಲಿಂಗ್‌ನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ಅಂದುಕೊಳ್ಳಿ. ಆಗ ಪ್ರತಿ ವಾಲ್ವ್ ತೆರೆಯುವುದು ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ. ಸಡಿಲಾದ ಒಂದು ಟ್ಯಾಪೆಟ್ ಬಡಿಯುವುದೂ ಅಷ್ಟೇ. ಕ್ರ್ಯಾಂಕ್ ಜೊತೆಗೇ ತಿರುಗುವ ಭಾರದ ಚಕ್ರ ಫ್ಲೈವೀಲಿನ ಬೋಲ್ಟ್ ಸಡಿಲಾಗಿದ್ದರೆ ಅದರ ದುಪ್ಪಟ್ಟು, ಸೆಕೆಂಡಿಗೆ 13ರ ಆಸುಪಾಸು. ಇಷ್ಟು ವೇಗ ಕಿವಿಯ ಲೆಕ್ಕಕ್ಕೆ ಸಿಗುವುದಿಲ್ಲ. ಫೋನಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಕಾಲು ವೇಗದಲ್ಲಿ ಮತ್ತೆ ಕೇಳಿದರೆ ಆರಾಮಾಗಿ ಎಣಿಸಬಹುದು. 67ರ ಹತ್ತಿರ ಬಂದರೆ ಕ್ಯಾಮ್ ಕಡೆ ನೋಡಿ, 133 ಬಂದರೆ ಕ್ರ್ಯಾಂಕ್ ಕಡೆ. ರೇಸ್ ಕೊಟ್ಟರೂ ಸದ್ದಿನ ವೇಗ ಏರದಿದ್ದರೆ ಅನುಮಾನ ಪರ್ಜ್ ವಾಲ್ವಿನ ಮೇಲೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಈ ವಿದ್ಯುತ್ ಕವಾಟ ತನ್ನದೇ ತಾಳದಲ್ಲಿ ಟಿಕ್ ಅನ್ನುತ್ತದೆ; ಅದು ಕಾಯಿಲೆಯಲ್ಲ. ಇಂಜೆಕ್ಟರುಗಳ ಹಗುರ ಚಿಟಪಟವೂ ಅಷ್ಟೆ, ಸಹಜ.

ಎಲ್ಲಿಂದ ಅನ್ನುವುದಕ್ಕೆ ಗ್ಯಾರೇಜಿನ ಹಳೇ ಉಪಾಯವೇ ಸಾಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೋ ಇಂಜೆಕ್ಟರಿಗೋ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸುವುದು. ಲೋಹದಿಂದ ಗಾಳಿಗೆ ದಾಟುವಾಗ ಶಬ್ದಶಕ್ತಿಯ ಬಹುಪಾಲು ಗಡಿಯಲ್ಲೇ ಹಿಂದಕ್ಕೆ ತಿರುಗುತ್ತದೆ. ಕಡ್ಡಿ ಆನಿಸಿದರೆ ನಡುವೆ ಗಾಳಿಯೇ ಇಲ್ಲ, ಕಂಪನ ನೇರ ಮೂಳೆಗೆ ಬರುತ್ತದೆ. ಬೆಲ್ಟು, ಫ್ಯಾನಿನ ಹತ್ತಿರ ಮಾತ್ರ ಈ ಸಾಹಸ ಬೇಡ.

ಕಡ್ಡಿಗೆ ಸಿಗದ ಸದ್ದೂ ಒಂದಿದೆ. ಇಂಜಿನ್ನಿಗೆ ಹೊಗೆ ಕೊಳವೆ ಸೇರುವ ಕಡೆಯ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಗ್ಯಾಸ್ಕೆಟ್ ಬಿಟ್ಟಿದ್ದರೆ ಪ್ರತಿ ಸ್ಫೋಟದ ಹೊಗೆ ಸಂದಿನಿಂದ ಚಿಮ್ಮಿ ಥೇಟ್ ಟ್ಯಾಪೆಟ್ಟಿನಂತೆ ಕೇಳಿಸುತ್ತದೆ. ಅದಕ್ಕೆ ರಬ್ಬರ್ ಪೈಪ್ ಬೇಕು: ಒಂದು ತುದಿ ಕಿವಿಗೆ, ಇನ್ನೊಂದು ಜೋಡಣೆಯ ಸುತ್ತ. ಇದನ್ನು ಗಾಡಿ ತಣ್ಣಗಿರುವಾಗಲೇ ಹುಡುಕಬೇಕು, ಬಿಸಿಯಾದ ಲೋಹ ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುವುದುಂಟು.

ಇನ್ನು ಟ್ಯಾಪೆಟ್. ಕ್ಯಾಮಿಗೂ ವಾಲ್ವಿಗೂ ನಡುವೆ ತಯಾರಕರು ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಅನೇಕ ಪೆಟ್ರೋಲ್ ಕಾರುಗಳಲ್ಲಿ ಇಂಜಿನ್ ತಣ್ಣಗಿರುವಾಗ ಗಾಳಿ ಒಳಬರುವ ವಾಲ್ವಿಗೆ 0.2 ಮಿಲಿಮೀಟರ್ ಆಸುಪಾಸು, ಹೊಗೆ ಹೊರಹೋಗುವ ವಾಲ್ವಿಗೆ 0.3ರ ಆಸುಪಾಸು. ಎರಡನೆಯದಕ್ಕೆ ಹೆಚ್ಚು ಯಾಕೆಂದರೆ ಅದು ಹೆಚ್ಚು ಕಾಯುತ್ತದೆ. 100 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.12 ಮಿಲಿಮೀಟರ್ ಉದ್ದವಾಗುತ್ತದೆ. ಎಕ್ಸಾಸ್ಟ್ ವಾಲ್ವಿನ ತಲೆಯೋ 600–700 ಡಿಗ್ರಿ ಮುಟ್ಟುವಂಥದ್ದು. ಹಿಗ್ಗಲು ಜಾಗ ಬೇಕೇ ಬೇಕು. ಸಂದು ಹೆಚ್ಚಾದರೆ ಕ್ಯಾಮ್ ಬಂದು ಬಡಿಯುತ್ತದೆ, ನಮಗೆ ಕೇಳಿಸುತ್ತದೆ. ಸಂದೇ ಇಲ್ಲದಿದ್ದರೆ ಸದ್ದೂ ಇಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚುವುದೂ ಇಲ್ಲ. ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ದಾಟಿಸುವುದು ಮುಚ್ಚಿ ಕೂತಾಗ ಸೀಟಿನ, ಅಂದರೆ ಅದು ಕೂರುವ ಲೋಹದ ಬಳೆಯ, ಮೂಲಕ. ಕೂರಲು ಬಿಡದಿದ್ದರೆ ಅಂಚು ಸುಡುತ್ತದೆ, ಕಂಪ್ರೆಷನ್ ಸೋರುತ್ತದೆ, ಕೊನೆಗೆ ಹೆಡ್ ಬಿಚ್ಚುವ ಖರ್ಚು. ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳಲ್ಲಿ ಸೀಟು ಬೇಗ ಸವೆದು ವಾಲ್ವ್ ಮೇಲಕ್ಕೆ ಸರಿದು, ಯಾರೂ ಮುಟ್ಟದೆಯೇ ಸಂದು ಕಿರಿದಾಗುವುದುಂಟು. ನನ್ನ ಮಟ್ಟಿಗೆ, ಸ್ವಲ್ಪ ಗಲಾಟೆ ಮಾಡುವ ಟ್ಯಾಪೆಟ್ಟಿಗಿಂತ ಇದ್ದಕ್ಕಿದ್ದಂತೆ ತೆಪ್ಪಗಾದ ಟ್ಯಾಪೆಟ್ ಹೆಚ್ಚು ದಿಗಿಲಿನದು. ಹಾಗಾಗಿ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇಲ್ಲದೆ ಬರೀ ಕಿವಿಯ ಅಂದಾಜಿನಲ್ಲಿ ಸ್ಕ್ರೂ ತಿರುಗಿಸುವುದು ಕೂಡದು. ಅಳೆಯುವಾಗ ಆ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್ನಿನ ತುತ್ತತುದಿಯಲ್ಲಿರಬೇಕು, ಇಂಜಿನ್ ಕೈಪಿಡಿ ಹೇಳಿದಷ್ಟೇ ಬಿಸಿ ಅಥವಾ ತಂಪಾಗಿರಬೇಕು.

ಎಷ್ಟೋ ಕಾರುಗಳಲ್ಲಿ ತಿರುಗಿಸಲು ಸ್ಕ್ರೂ ಇರುವುದೇ ಇಲ್ಲ. ಹೈಡ್ರಾಲಿಕ್ ಟ್ಯಾಪೆಟ್ ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುತ್ತದೆ. ರಾತ್ರಿಯಿಡೀ ನಿಂತಾಗ ಒಳಗಿನ ಆಯಿಲ್ ಒಂದಿಷ್ಟು ಸೋರಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟಿಕ್ ಅಂದು ಸುಮ್ಮನಾದರೆ ಚಿಂತೆ ಬೇಡ. ಸುಮ್ಮನಾಗದಿದ್ದರೆ ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆದು ನೋಡುವುದು. ಆಯಿಲ್ ಕಮ್ಮಿಯಿದ್ದರೆ, ಹಳತಾಗಿದ್ದರೆ, ಅಗ್ಗದ ಫಿಲ್ಟರಿನಲ್ಲಿ ಆಯಿಲ್ ವಾಪಸಾಗದಂತೆ ತಡೆಯುವ ಕವಾಟ ಸರಿಯಿಲ್ಲದಿದ್ದರೆ ಇದೇ ಸದ್ದು. ಅದಕ್ಕೆ ಮದ್ದು ಹೊಸ ಆಯಿಲ್ ಮತ್ತು ಒಳ್ಳೆ ಫಿಲ್ಟರ್.

ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲೇ ಒಳ್ಳೆಯದು ಅನ್ನುವ ಮಾತಿದೆ. 5ಡಬ್ಲ್ಯು-30 ಅನ್ನುವ ತೆಳು ದರ್ಜೆಯ ಆಯಿಲ್ ಬೇಡುವ ಇಂಜಿನ್ನಿಗೆ 20ಡಬ್ಲ್ಯು-50 ಅನ್ನುವ ದಪ್ಪ ದರ್ಜೆಯದನ್ನು ಸುರಿದರೆ ಬಡಿತ ಮೆತ್ತಗಾಗುವುದು ನಿಜ. ಆದರೆ ತಣ್ಣನೆಯ ಇಂಜಿನ್ನಿನಲ್ಲಿ ಆ ಆಯಿಲ್ ಕ್ಯಾಮಿನವರೆಗೆ ಏರುವುದು ತಡ, ಸವೆತ ಅಲ್ಲೇ. ಹಳೇ ಕಾರು ಮಾರುವವರಿಗೆ ಈ ಮೆತ್ತಗಾಗಿಸುವ ಗುಣ ಚೆನ್ನಾಗಿ ಗೊತ್ತು. ಗಿರಾಕಿ ಬರುವ ಮುಂಚೆ ಇಂಜಿನ್ ಬಿಸಿ ಮಾಡಿಟ್ಟಿರುವುದೂ ಉಂಟು. ನೋಡಲು ಹೋದವರು ಮೊದಲು ಬಾನೆಟ್ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ, ನಾಳೆ ಬೆಳಿಗ್ಗೆ ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂದು ಎದ್ದು ಬರಲಿ.